ಹಂದಿಯ ಎಡಗಾಲು

ನನ್ನ ಗಂಡ ಪೌಲಿಯಾಸಿ ನಮ್ಮ ದ್ವೀಪಕ್ಕೆಲ್ಲ ಒಬ್ಬನೇ ಆರೋಗ್ಯ ಸಹಾಯಕ. ಊರಿನ ಎಲ್ಲರ ಕಾಲೂ ಅವನಿಗೆ ಗೊತ್ತು. ಮುಖ ಮರೆತರೂ ಪಾದ ನೋಡಿ ಹೆಸರು ಹೇಳಿಯಾನು. ನಮ್ಮ ಟೋಂಗಾದ ದ್ವೀಪಗಳಲ್ಲಿ ಈಗ ಸಕ್ಕರೆ ಕಾಯಿಲೆ ಇಲ್ಲದ ಮನೆ ಬೇಕೆಂದರೆ ಜನರಿಲ್ಲದ ದ್ವೀಪಕ್ಕೇ ಹೋಗಬೇಕು. ಬೆಳಗಾದರೆ ಸಾಕು, ದವಾಖಾನೆಯ ಜಗಲಿಯ ಮೇಲೆ ಹುಣ್ಣಿನ ಕಾಲುಗಳು ಸಾಲಾಗಿ ಕೂತಿರುತ್ತವೆ. ಇವನು ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು, ಮಗುವಿನ ಮೂಗು ಒರೆಸುವಷ್ಟು ಮೃದುವಾಗಿ ತೊಳೆದು, ಔಷಧಿ ಹಚ್ಚಿ, ಪಟ್ಟಿ ಕಟ್ಟುತ್ತಾನೆ. ಅವನು ನೋಡದ ಕಾಲುಗಳೆಂದರೆ ಒಂದೇ ಜೋಡಿ. ಅವು ಅವನ ಅಕ್ಕನವು.

ಇಲೈಸಾನೆ ಗಂಡ ಸತ್ತ ಮೇಲೆ ನಮ್ಮ ಬೇಲಿಯಾಚೆಯ ಮನೆಯಲ್ಲಿ ಒಬ್ಬಳೇ ಇದ್ದಳು. ನಮ್ಮಲ್ಲಿ ಅಕ್ಕತಮ್ಮಂದಿರ ನಡುವಿನ ಮರ್ಯಾದೆ ಬಹಳ ದೊಡ್ಡದು. ಹುಡುಗನಿಗೆ ಮೀಸೆ ಮೂಡುವ ಮೊದಲೇ ಚಾಪೆ ಸುತ್ತಿಕೊಂಡು ಬೇರೆ ಗುಡಿಸಲಿಗೆ ಮಲಗಲು ಹೋಗುತ್ತಾನೆ. ಆಮೇಲೆ ಅಕ್ಕ ಇರುವ ಕೋಣೆಗೆ ಕಾಲಿಡುವುದಿಲ್ಲ, ಅವಳೆದುರು ಹಗುರ ಮಾತಾಡುವುದಿಲ್ಲ, ಅವಳ ಮೈಯ ವಿಷಯ ಕಿವಿಯ ಮೇಲೂ ಹಾಕಿಕೊಳ್ಳುವುದಿಲ್ಲ. ಅದರಲ್ಲಿ ಚೆಂದವೂ ಇದೆ, ಇಲ್ಲವೆನ್ನಲಾರೆ. ಪ್ರತಿ ವರ್ಷ ತೋಟದ ಮೊದಲ ಗೆಣಸು ನಮ್ಮ ಮನೆಗೆ ಬರುವ ಮೊದಲು ಅವಳ ಜಗಲಿಗೆ ಹೋಗಿ ಕೂರುತ್ತಿತ್ತು. ಇಟ್ಟವರು ಯಾರೆಂದು ಇವನು ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಹಾಗೆಯೇ ಅವಳ ಸಕ್ಕರೆ ಕಾಯಿಲೆಯ ಮಾತ್ರೆಗಳೂ ನನ್ನ ಕೈಯಿಂದಲೇ ಬೇಲಿ ದಾಟುತ್ತಿದ್ದವು. ಹಡಗು ಬಂದ ವಾರ ಮಾತ್ರೆ ಇರುತ್ತಿತ್ತು, ಬಾರದ ವಾರ ಇಲ್ಲ. ರಕ್ತದಲ್ಲಿ ಸಕ್ಕರೆ ಅಳೆಯುವ ಪಟ್ಟಿಗಳು ಮುಗಿದು ಎಷ್ಟೋ ಕಾಲವಾಗಿತ್ತು.

ಆ ವರ್ಷ ನನ್ನ ಮಗಳು ಹೇನಿಯ ಮದುವೆ ಗೊತ್ತಾಗಿತ್ತು. ಮದುವೆಯೆಂದರೆ ಸೋದರತ್ತೆಯೇ ದೊಡ್ಡವಳು. ಹೆತ್ತ ನಾನು ಒಲೆಯ ಹತ್ತಿರ ಬೂದಿ ಬಳಿದುಕೊಂಡು ನಿಲ್ಲಬೇಕು, ಹುಡುಗಿಯ ಅಪ್ಪ ಹಂದಿ ಸುಡಬೇಕು. ಇಲೈಸಾನೆ ಮಾತ್ರ ಚಾಪೆಗಳ ರಾಶಿಯ ಮೇಲೆ ಕೂತು ಗಂಡಿನ ಕಡೆಯವರ ಉಡುಗೊರೆ ಸ್ವೀಕರಿಸಬೇಕು. ಅವಳ ಜಾಗ ಖಾಲಿಯಿದ್ದರೆ ಹುಡುಗಿಗೆ ಹಿಂದುಮುಂದಿಲ್ಲ ಎಂದೇ ಲೆಕ್ಕ.

ಚಾಪೆ ಹೆಣೆಯುವ ಮನೆಯಲ್ಲಿ ನಾವು ಹೆಂಗಸರು ಬೆಳಗಿನಿಂದ ಕೇದಗೆಯ ಗರಿ ಸೀಳುತ್ತ ಕೂರುತ್ತಿದ್ದೆವು. ರಾಜಧಾನಿಯಿಂದ ಆರೋಗ್ಯದವರು ಬಂದು ಹೋದ ವಾರವದು. ಬಂದವರು ನಮ್ಮೆಲ್ಲರ ಸೊಂಟ ಅಳೆದರು, ತೂಕ ನೋಡಿದರು, ನಮ್ಮಲ್ಲಿ ಬೆಳೆಯದ ತರಕಾರಿಯ ಚಿತ್ರವೊಂದನ್ನು ದವಾಖಾನೆಯ ಗೋಡೆಗೆ ಅಂಟಿಸಿದರು. ಬೆಳಿಗ್ಗೆ ಎದ್ದು ಓಡಿರಿ ಎಂದು ಹೇಳಿ ಮಧ್ಯಾಹ್ನದ ದೋಣಿ ಹತ್ತಿದರು.

ಮುದುಕಿ ಸಿಸಿಲಿಯಾ ಒಂದು ಕಾಲು ಕಳೆದುಕೊಂಡವಳು. ಗರಿ ಸೀಳುವ ಕೈ ನಿಲ್ಲಿಸದೆ ಶುರುಮಾಡಿದಳು. "ನಂಗೂ ಓಡು ಅಂದ್ರು ಕಣ್ರೇ. ಇನ್ನೊಂದು ಕಾಲು ತಂದ್ಕೊಡಿ, ನಾಳೆಯಿಂದ್ಲೇ ಓಡ್ತೀನಿ ಅಂದೆ."

"ಆ ಕಾಲು ಎಲ್ಲಿ ಬಿಟ್ಟೆ ಅಂತ ಕೇಳ್ಲಿಲ್ವಾ?" ಎಂದಳು ಯಾರೋ.

"ಅದು ಮುಂಚೆನೇ ಸ್ವರ್ಗಕ್ಕೆ ಹೋಗಿ ನಂಗೆ ಜಾಗ ಹಿಡ್ಕೊಂಡು ಕೂತಿದೆ. ನಿಮ್ ಥರ ನಾನು ಬಾಗಿಲಲ್ಲಿ ನೂಕಾಡಬೇಕಾಗಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಇಲೈಸಾನೆಯೂ ನಕ್ಕಳು. ಅವಳು ಹೊಸ ಬೂಟು ಹಾಕಿಕೊಂಡು ಬಂದಿದ್ದಳು. ಮದುವೆಗೆಂದು ಆಕ್ಲೆಂಡಿನಲ್ಲಿರುವ ತಂಗಿ ಕಳಿಸಿದ್ದು, ಬಿಳಿಯದು, ಮುಂಭಾಗ ಚೂಪು. ಮದುವೆಯ ದಿನಕ್ಕೆ ಕಾಲು ಒಗ್ಗಲಿ ಎಂದು ಹಿಂದಿನ ಭಾನುವಾರ ಚರ್ಚಿಗೂ ಅದನ್ನೇ ಹಾಕಿಕೊಂಡು ಹೋಗಿದ್ದಳು. ಒಳಗೆ ಬರುವಾಗ ಕಳಚಿಟ್ಟ ಆ ಬೂಟನ್ನು ಸರಿಸಿಡಲು ನಾನು ಎತ್ತಿದೆ. ಒಳಗೇನೋ ಗಲಗಲ ಎಂದಿತು. ಬೋರಲು ಹಾಕಿ ಕೊಡವಿದರೆ ಹವಳದ ಚೂರೊಂದು ನೆಲಕ್ಕೆ ಬಿತ್ತು. ಗಾಜಿನಷ್ಟು ಹರಿತ. ಅದರ ಒಂದು ಅಂಚು ಕಂದು ಬಣ್ಣಕ್ಕೆ ತಿರುಗಿತ್ತು.

ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಮನೆಗೆ ಹೋಗುವ ದಾರಿಯಲ್ಲಿ ಅವಳನ್ನು ತೆಂಗಿನ ಮರದ ನೆರಳಿಗೆ ಕೂರಿಸಿದೆ.

"ಅತ್ತಿಗೆ, ಕಾಲು ತೋರ್ಸಿ."

"ಏನಾಗಿದೆ ನಿಂಗೆ?"

"ಬೂಟಲ್ಲಿ ಹವಳದ ಚೂರಿತ್ತು. ಚರ್ಚಿಗೆ ಹೋಗಿ ಬರೋವಷ್ಟು ದೂರ ಅದರ ಮೇಲೇ ನಡೆದಿದ್ದೀರಿ. ಗೊತ್ತಾಗ್ಲಿಲ್ವಾ?"

ಅವಳು ನನ್ನನ್ನು ನೋಡಿದಳು. ಗೊತ್ತಾಗಿರಲಿಲ್ಲ. ಕಾಲಿನಲ್ಲಿ ಅರಿವು ಸತ್ತು ಎಷ್ಟು ಕಾಲವಾಗಿತ್ತೋ, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ತೂತು. ದೊಡ್ಡದೇನಲ್ಲ, ಬಟಾಣಿ ಕೂರುವಷ್ಟು. ಸುತ್ತಲೂ ಬೆಳ್ಳಗೆ ಬೆಂಡಾಗಿತ್ತು.

"ನೋವಿಲ್ಲ ಬಿಡು," ಎಂದಳು.

"ಅದೇ ಭಯ ನಂಗೆ. ನಿಮ್ ತಮ್ಮನಿಗೆ..."

"ಲೋಸೆ!" ಅವಳ ಧ್ವನಿಗೆ ಮರದ ಮೇಲಿನ ಹಕ್ಕಿ ಹಾರಿತು. "ನನ್ನ ಕಾಲಿನ ವಿಷಯ ನನ್ನ ತಮ್ಮನ ಮುಂದೆ ಆಡ್ತೀಯಾ? ನಾಚಿಕೆ ಆಗಲ್ವಾ? ಅವನು ಆಮೇಲೆ ನನ್ನ ಮುಖ ಹೇಗೆ ನೋಡಬೇಕು?"

"ಹಾಗಾದ್ರೆ ಗುರುವಾರದ ಹಡಗು ಹತ್ತಿ. ದೊಡ್ಡ ಆಸ್ಪತ್ರೆಗೆ ಹೋಗೋಣ."

"ಮದುವೆ ಮುಗೀಲಿ."

"ಮದುವೆಗೆ ಇನ್ನೂ ತಿಂಗಳಿದೆ!"

"ಆ ಹಡಗು ಹತ್ತಿದವರು ಯಾರು ಎರಡು ಕಾಲಲ್ಲಿ ವಾಪಸ್ ಬಂದಿದ್ದಾರೆ? ಹೇನಿ ಮದುವೇಲಿ ಕುಂಟಿ ಬಂದು ಕೂತ್ಲು ಅನ್ನಿಸ್ಕೊಬೇಕಾ ನಾನು? ಮುಚ್ಕೊಂಡು ಚಾಪೆ ನೇಯಿ."

ಅವಳು ನನ್ನ ಗಂಡನ ಅಕ್ಕ. ಅವಳ ಮಾತಿನ ಮೇಲೆ ನನ್ನದು ಮಾತಲ್ಲ.

ಆ ಸಂಜೆ ಗಂಡನಿಗೆ ಊಟಕ್ಕಿಟ್ಟು ಎದುರು ಕೂತೆ. ನೇರವಾಗಿ ಹೇಳಲು ದಾರಿಯಿರಲಿಲ್ಲ. ಕೊನೆಗೆ ಹಿತ್ತಲಿನ ಕಡೆ ನೋಡುತ್ತ ಹೇಳಿದೆ. "ನಮ್ಮ ದೊಡ್ಡ ಹಂದಿಗೆ ಕಾಲಿಗೆ ಗಾಯ ಆಗಿದೆ."

ಆ ಹಂದಿಗೆ ತೆಂಗಿನಕಾಯಿ ಒಡೆದು ಹಾಕಿ ಆಗಷ್ಟೇ ಒಳಗೆ ಬಂದಿದ್ದವನು ಅವನು. ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ತುತ್ತನ್ನು ತಟ್ಟೆಗಿಟ್ಟು ಕೇಳಿದ. "ಯಾವ ಕಾಲು?"

"ಎಡಗಾಲು. ಹೆಬ್ಬೆರಳ ಬುಡದಲ್ಲಿ."

ಹಂದಿಗೆಲ್ಲಿಯ ಹೆಬ್ಬೆರಳು! ಅವನು ನಗಲಿಲ್ಲ, ನಾನೂ ನಗಲಿಲ್ಲ. ತಟ್ಟೆ ಸರಿಸಿ ಎದ್ದು ದವಾಖಾನೆಗೆ ಹೋದ. ಬರುವಾಗ ಹತ್ತಿ, ಪಟ್ಟಿ, ಮಾತ್ರೆಗಳ ಪೊಟ್ಟಣ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟ. "ಕಾಯಿಸಿ ಆರಿಸಿದ ನೀರಲ್ಲಿ ತೊಳಿ. ದಿನಾ ಪಟ್ಟಿ ಬದಲಾಯಿಸು. ಹಂದೀನ ಆ ಕಾಲ ಮೇಲೆ ಭಾರ ಹಾಕೋಕೆ ಬಿಡಬೇಡ. ಸಿಹಿ ಮುಟ್ಟಿಸಬೇಡ."

ಅಂದಿನಿಂದ ನಮ್ಮ ಮನೆಯಲ್ಲಿ ಹಂದಿಯದೇ ಮಾತು. ಬೆಳಿಗ್ಗೆ ನಾನು ಬೇಲಿ ದಾಟಿ ಹೋಗಿ ಕಾಲು ತೊಳೆದು ಬರುತ್ತಿದ್ದೆ, ಸಂಜೆ ಇವನು ಕೇಳುತ್ತಿದ್ದ. ಹಂದಿಯ ಕಾಲು ಬಿಸಿ ಇದೆಯಾ? ಕೀವು ಯಾವ ಬಣ್ಣ? ಕೆಂಪು ಪಾದದಲ್ಲೇ ಇದೆಯಾ, ಮೇಲೆ ಹತ್ತಿದೆಯಾ? ನಾನು ಹೇಳುತ್ತಿದ್ದೆ. ಕೇಳುತ್ತ ಕೇಳುತ್ತ ಅವನ ಮುಖ ಬಾಡುತ್ತಿತ್ತು. ಅವನ ಬೆರಳುಗಳು ಚಾಪೆಯ ಅಂಚನ್ನು ಒತ್ತಿ ಒತ್ತಿ ನೋಡುತ್ತಿದ್ದವು, ಕೀವು ಎಲ್ಲಿ ನಿಂತಿದೆ ಎಂದು ಹುಡುಕುವವರ ಹಾಗೆ. ಅವನಾದರೆ ಒಂದು ಒತ್ತಿಗೆ ಹೇಳುತ್ತಿದ್ದ. ನನಗೇನು ಗೊತ್ತು? ನನ್ನ ಕಣ್ಣಿಗೆ ಮೇಲಿನ ಚರ್ಮ ಕಾಣುತ್ತಿತ್ತು, ಅಷ್ಟೇ. ಮೇಲೆ ಗಾಯದ ಬಾಯಿ ಮುಚ್ಚಿಕೊಳ್ಳುತ್ತ ಬಂತು, ನಾನು ಮೂರ್ಖಳ ಹಾಗೆ ಖುಷಿಪಟ್ಟೆ. ಒಳಗೆ ಅದು ಎಲುಬು ತಿನ್ನುತ್ತಿತ್ತು.

ಸಿಹಿ ಮುಟ್ಟಿಸಬೇಡ ಅಂದಿದ್ದನಲ್ಲ, ಅದನ್ನೂ ನೋಡಿದ್ದಾಯಿತು. ಮದುವೆ ಮನೆಯೆಂದು ದಿನವೂ ನೆಂಟರು. ಹಿಡಿದ ಒಳ್ಳೆಯ ಮೀನೆಲ್ಲ ಮಂಜುಗಡ್ಡೆಯಲ್ಲಿ ಕೂತು ಹೊರದೇಶಕ್ಕೆ ಹೋಗುತ್ತದೆ. ನಮಗೆ ಅಲ್ಲಿಂದ ಡಬ್ಬಿ ಮಾಂಸ ಬರುತ್ತದೆ, ಅಲ್ಲಿಯವರು ಬೇಡವೆಂದು ಬಿಟ್ಟ ಕುರಿಯ ಹೊಟ್ಟೆಯ ಕೊಬ್ಬು ಬರುತ್ತದೆ, ಸಕ್ಕರೆ ನೀರಿನ ಕೆಂಪು ಬಾಟಲಿ ಬರುತ್ತದೆ. ಅದನ್ನೇ ನಾವು ಹಬ್ಬವೆನ್ನುತ್ತೇವೆ, ಪ್ರೀತಿಯೆನ್ನುತ್ತೇವೆ. ಬಂದವರೆಲ್ಲ ಮೊದಲ ಪಾಲು ಸೋದರತ್ತೆಯ ಮುಂದಿಟ್ಟರು. ಒಂದು ದಿನ ನಾನು ತಟ್ಟೆಯಿಂದ ಕೊಬ್ಬಿನ ತುಂಡುಗಳನ್ನು ತೆಗೆದು ಬೇಯಿಸಿದ ಗೆಣಸು, ಕೆಸುವಿನ ಸೊಪ್ಪು ಇಟ್ಟೆ. ನೆಂಟರ ಎದುರಿಗೇ ಇಲೈಸಾನೆ ತಟ್ಟೆ ಹಿಂದಕ್ಕೆ ನೂಕಿದಳು.

"ನನ್ನ ತುತ್ತಿನ ಮೇಲೆ ಕಣ್ಣು ಹಾಕ್ತಿದ್ದೀಯಾ? ನನ್ನ ತಮ್ಮನ ಮನೇಲಿ ನಂಗೆ ಹಂದಿ ಮೇವು ಹಾಕೋ ಕಾಲ ಬಂತಾ?"

ಹಂದಿ ಎಂಬ ಮಾತು ಅವಳ ಬಾಯಿಂದಲೇ ಬಂತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊಬ್ಬನ್ನು ತಂದು ಬಡಿಸಿದೆ.

ಮದುವೆಗೆ ವಾರವಿದೆ ಎನ್ನುವಾಗ ಕಾಲಿನಿಂದ ವಾಸನೆ ಶುರುವಾಯಿತು. ನಾನು ಓಡಿಬಂದು ಗಂಡನಿಗೆ ಹೇಳಿದೆ.

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. "ಹಂದೀನ ಈ ಗುರುವಾರದ ಹಡಗಿಗೇ ಹತ್ತಿಸು."

"ಹಂದಿ ಮದುವೆ ಮುಗೀದೆ ಬರಲ್ವಂತೆ."

"ಸತ್ತುಹೋಗುತ್ತೆ ಅಂತ ಹೇಳು."

"ನೀನೇ ಹೇಳು!" ನನ್ನ ತಾಳ್ಮೆ ಹರಿಯಿತು. "ಆ ದರಿದ್ರ ಹಂದಿ ಸಾಕು ಪೌಲಿಯಾಸಿ. ಬೇಲಿ ದಾಟು. ಒಂದು ಸಲ ನೋಡು. ಊರೋರ ಕಾಲೆಲ್ಲ ತೊಡೆ ಮೇಲೆ ಇಟ್ಕೊಳ್ತೀಯಲ್ಲ!"

"ಅವರ್ಯಾರೂ ನನ್ನ ಅಕ್ಕ ಅಲ್ಲ."

"ಅಕ್ಕ ಅನ್ನೋದಕ್ಕೇ ಸಾಯ್ಲಿ ಅಂತೀಯಾ?"

"ನಾನು ನೋಡಿದ್ರೆ ಅವಳು ಇವತ್ತೇ ಸಾಯ್ತಾಳೆ ಲೋಸೆ. ನಿಂಗೆ ಅರ್ಥ ಆಗಲ್ಲ ಅಂತಲ್ಲ. ನಿಂಗೂ ಅಣ್ಣ ಇದ್ದಾನೆ. ನಿನ್ನ ಕಾಲು ಅವನಿಗೆ ತೋರಿಸ್ತೀಯಾ?"

ನನಗೇ ತಿಳಿಯದೆ ಕಾಲನ್ನು ಬಟ್ಟೆಯೊಳಗೆ ಎಳೆದುಕೊಂಡೆ. ಇವತ್ತಿಗೂ ನನಗೆ ಸಿಟ್ಟು ಬರುವುದು ಹಾಗೆ ಎಳೆದುಕೊಂಡದ್ದರ ಮೇಲೆಯೇ.

ಮದುವೆಯ ಶನಿವಾರ ಇಲೈಸಾನೆ ಆ ಬಿಳಿ ಬೂಟನ್ನೇ ಹಾಕಿಕೊಂಡಳು. ಬಾತ ಎಡಗಾಲು ಅದರೊಳಗೆ ಹೋಗುವಂತಿರಲಿಲ್ಲ. ಅವಳೇ ಕೈಯಿಂದ ತುರುಕಿದಳು. ನೋವಿಲ್ಲದ ಕಾಲಲ್ಲವೇ! ವಾಸನೆ ಮುಚ್ಚಲಿ ಎಂದು, ಬೂಟಿನಿಂದಾಚೆ ಕಾಣುವ ಪಟ್ಟಿಯ ಮೇಲೆ ನಾನು ಗಂಧ ಹಾಕಿದ ತೆಂಗಿನೆಣ್ಣೆ ಸುರಿದೆ, ಸುತ್ತ ಹೂವು ಚೆಲ್ಲಿದೆ. ಅವಳು ಅಂಗಳದ ಚಪ್ಪರದಲ್ಲಿ ಚಾಪೆಗಳ ರಾಶಿಯ ಮೇಲೆ ಕೂತು ಕಾಲು ಮಡಚಿ, ಮೇಲೆ ನಾನು ಹೆಣೆದ, ಬಟ್ಟೆಯಷ್ಟು ನಯವಾದ ಚಾಪೆ ಹೊದ್ದುಕೊಂಡಳು. ಮುಖಕ್ಕೆ ಜ್ವರದ ಕೆಂಪು ಏರಿತ್ತು. ಗಂಡಿನ ತಾಯಿ ಬಂದು ಕೈಮುಟ್ಟಿ ಹೇಳಿದಳು. "ಏನ್ ಕಳೆ ನಿಮ್ಮ ಮುಖದಲ್ಲಿ! ಏನ್ ಪರಿಮಳ!"

"ನಮ್ಮ ಹುಡುಗಿ ಮದುವೆ ಅಲ್ವಾ," ಎಂದಳು ಇಲೈಸಾನೆ, ರಾಣಿಯ ಹಾಗೆ.

ಸುಟ್ಟ ದೊಡ್ಡ ಹಂದಿಯನ್ನು ಅವಳ ಮುಂದೆ ತಂದಿಡುವುದು ತಮ್ಮನ ಕೆಲಸ. ಪೌಲಿಯಾಸಿ ತಲೆ ತಗ್ಗಿಸಿ, ನಾಲ್ಕು ಜನರ ಜೊತೆ ಹಲಗೆ ಹೊತ್ತು ಬಂದ. ಬಗ್ಗಿ ಇಳಿಸಿದ. ಇಳಿಸಿದವನು ಏಳಲಿಲ್ಲ. ಹೂವು, ಗಂಧ, ಸುಟ್ಟ ಮಾಂಸ, ಇಷ್ಟೆಲ್ಲದರ ನಡುವೆಯೂ ಆ ವಾಸನೆ ಅವನಿಗೆ ತಾಕಿತ್ತು. ದಿನವೂ ಅದರಲ್ಲೇ ಬದುಕುವವನಿಗೆ ಗೊತ್ತಾಗದೆ ಇರುತ್ತದೆಯೇ? ಅವನ ಕಣ್ಣು ಚಾಪೆಯ ಅಂಚಿನ ಮೇಲೆ ನಿಂತಿತು. ಅವನ ಬಲಗೈ ನೆಲದಿಂದ ಮೇಲೆದ್ದು ಆ ಅಂಚಿನ ಕಡೆ ಹೋಯಿತು. ನಾನು ಒಲೆಯ ಹತ್ತಿರದಿಂದ ನೋಡುತ್ತಿದ್ದೆ. ಎತ್ತು, ಎತ್ತು ಎಂದು ಒಳಗೇ ಕೂಗುತ್ತಿದ್ದೆ. ಇಲೈಸಾನೆ ತಮ್ಮನನ್ನು ನೋಡಿದಳು. ಕಣ್ಣಲ್ಲಿ ಬೈಗುಳ ಇರಲಿಲ್ಲ, ಬೇಡಿಕೆ ಇತ್ತು. ಬೇಡ ಎಂಬ ಬೇಡಿಕೆ.

ಅವನ ಕೈ ಚಾಪೆಯನ್ನು ಮುಟ್ಟದೆ ಹಲಗೆಗೆ ಬಂತು. ಹಂದಿಯ ಪಕ್ಕ ಸರಿದಿದ್ದ ಬಾಳೆ ಎಲೆಯೊಂದನ್ನು ಸರಿಪಡಿಸಿ ಎದ್ದುಹೋದ.

ಹಾಡಿನ ನಡುವೆ ಇಲೈಸಾನೆ ನಡುಗತೊಡಗಿದಳು. ಸಂಜೆಯ ಹೊತ್ತಿಗೆ ನಮ್ಮನ್ನೆಲ್ಲ ಸತ್ತವರ ಹೆಸರಿಟ್ಟು ಕರೆಯುತ್ತಿದ್ದಳು. ಮರುದಿನ ಭಾನುವಾರ. ನಮ್ಮಲ್ಲಿ ಭಾನುವಾರ ದೋಣಿ ಕಟ್ಟು ಬಿಚ್ಚುವುದಿಲ್ಲ. ಪಾದ್ರಿ ಬಂದು ಪ್ರಾರ್ಥಿಸಿದರು, ನೆಂಟರು ಉಳಿದದ್ದನ್ನು ಬಿಸಿ ಮಾಡಿ ತಿಂದರು. ಪೌಲಿಯಾಸಿ ಬೇಲಿಯ ಈಚೆ ನಿಂತು ಸೂಜಿ ಮದ್ದು ತುಂಬಿ ಕೊಡುವುದು, ನಾನು ಆಚೆ ಓಡಿ ಚುಚ್ಚುವುದು. ಜೀವಮಾನದಲ್ಲಿ ಸೂಜಿ ಹಿಡಿಯದ ಕೈ ನನ್ನದು. ಸೋಮವಾರ ಬೆಳಕು ಹರಿಯುವಾಗ ಮೀನಿನ ದೋಣಿಯೊಂದು ಸಿಕ್ಕಿತು.

ದೊಡ್ಡ ಆಸ್ಪತ್ರೆಯಲ್ಲಿ ನರ್ಸಮ್ಮ ಪಟ್ಟಿ ಬಿಚ್ಚಿ ಮುಖ ತಿರುಗಿಸಿದಳು. "ಇಷ್ಟು ದಿನ ಏನ್ ಮಾಡ್ತಿದ್ರಿ? ನಿಮ್ಮ ದ್ವೀಪದಲ್ಲಿ ಆರೋಗ್ಯ ಸಹಾಯಕ ಇಲ್ವಾ?"

"ಇದ್ದಾನೆ."

"ಕೈಲಾಗದವನಾ?"

"ಬಹಳ ಒಳ್ಳೆಯವನು. ಇವಳ ತಮ್ಮ."

ಅವಳೂ ನಮ್ಮವಳೇ. ತಲೆಯಾಡಿಸಿ ಬಕೆಟ್ ತರಲು ಹೋದಳು.

ಕಾಲನ್ನು ಮಂಡಿಯ ಮೇಲಿನಿಂದ ಕತ್ತರಿಸಿ ತೆಗೆದರು. ಎಚ್ಚರವಾದ ಮೇಲೆ ಇಲೈಸಾನೆ ಮೊದಲು ಕೇಳಿದ್ದು ಕಾಲಿನ ಬಗ್ಗೆಯೇ. "ಅದನ್ನ ಇಲ್ಲಿ ಬಿಡಬೇಡ. ಊರಿಗೆ ತಗೊಂಡ್ಹೋಗಿ ನನ್ನ ಗಂಡನ ಪಕ್ಕ ಮಣ್ಣು ಮಾಡು. ತಮ್ಮನಿಗೆ ತೋರಿಸಬೇಡ."

ಮೀನು ಹಾಕುವ ತಂಪು ಪೆಟ್ಟಿಗೆಯಲ್ಲಿ ಮಂಜುಗಡ್ಡೆ ತುಂಬಿ ಅದನ್ನಿಟ್ಟು ಕೊಟ್ಟರು. ಗುರುವಾರದ ಹಡಗಿನಲ್ಲಿ ಪೆಟ್ಟಿಗೆಯನ್ನು ಕಾಲ ನಡುವೆ ಇಟ್ಟುಕೊಂಡು ಕೂತೆ. ಪಕ್ಕದವಳು ಪೆಟ್ಟಿಗೆಯನ್ನೇ ನೋಡುತ್ತಿದ್ದಳು. "ಏನಕ್ಕಾ, ಕುರಿ ಮಾಂಸನಾ? ಭರ್ಜರಿ ತಗೊಂಡಿರೋ ಹಾಗಿದೆ!"

"ಮದುವೆ ಊಟದ್ದು ಉಳಿದಿತ್ತು," ಎಂದೆ.

ಹಡಗುಕಟ್ಟೆಯಲ್ಲಿ ಪೌಲಿಯಾಸಿ ನಿಂತಿದ್ದ. ಅವನೇ ಪೆಟ್ಟಿಗೆ ಎತ್ತಿಕೊಂಡ. ಎತ್ತಿದ ಕೂಡಲೇ ಭಾರದಿಂದಲೇ ತಿಳಿಯಿತು ಅವನಿಗೆ. ಸ್ಮಶಾನದ ದಾರಿ ಹಿಡಿಯದೆ ದವಾಖಾನೆಗೆ ಹೋದ. ಬಾಗಿಲು ಹಾಕಿ ಮೇಜಿನ ಮೇಲೆ ಬಟ್ಟೆ ಹಾಸಿದ.

"ತೋರಿಸಬೇಡ ಅಂದಿದ್ದಾಳೆ," ಎಂದೆ.

"ಈಗ ನೋಡಬಹುದು. ಇದು ಅಕ್ಕ ಅಲ್ಲ. ಬರೀ ಕಾಲು."

ಬಿಚ್ಚಿದ. ಕಾಯಿಸಿ ಆರಿಸಿದ ನೀರು ತಂದ. ಊರಿನವರ ಕಾಲು ತೊಳೆಯುವ ಹಾಗೆಯೇ, ಅಷ್ಟೇ ಮೃದುವಾಗಿ, ಬೆರಳ ಸಂದುಗಳನ್ನೂ ಬಿಡದೆ ತೊಳೆದ. ಹೆಬ್ಬೆರಳ ಬುಡವನ್ನು ಒತ್ತಿ ನೋಡಿದ. ನಾನು ಮುಚ್ಚಿಕೊಂಡಿತೆಂದು ಖುಷಿಪಟ್ಟ ಜಾಗದ ಪಕ್ಕದಲ್ಲೇ, ಒಂದು ಬೆರಳಿನ ಅಂತರದಲ್ಲಿ, ಕೀವು ನಿಂತಿದ್ದ ಗೂಡು ಅವನಿಗೆ ಒಂದೇ ಒತ್ತಿಗೆ ಸಿಕ್ಕಿತು.

"ಇಲ್ಲಿ," ಎಂದ. "ಮೊದಲ ವಾರ ಇಲ್ಲಿ ಕೊಯ್ದು ಬಿಟ್ಟಿದ್ರೆ ಸಾಕಾಗಿತ್ತು. ಚಿಕ್ಕ ಕೆಲಸ."

ಆಮೇಲೆ ಔಷಧಿ ಹಚ್ಚಿದ. ಸತ್ತ ಕಾಲಿಗೆ ಹತ್ತಿಯಿಟ್ಟು ಪಟ್ಟಿ ಸುತ್ತಿದ. ಕೊನೆಯ ತುದಿಯನ್ನು ಒಳಗೆ ಸಿಕ್ಕಿಸಿ, ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿದ. ನಾನು ಕೈಗೆ ಸಿಕ್ಕ ನೀರಿನ ಬೋಗುಣಿಯನ್ನು ಎತ್ತಿ ಗೋಡೆಗೆ ಎಸೆದೆ. ಅದು ಆ ತರಕಾರಿಯ ಚಿತ್ರಕ್ಕೆ ಬಡಿದು ಬಿತ್ತು. ಅವನು ತಿರುಗಿಯೂ ನೋಡಲಿಲ್ಲ. ಅಳುತ್ತಿದ್ದ. ಅದನ್ನು ನೋಡಿದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಇಬ್ಬರೂ ಹೋಗಿ ಇಲೈಸಾನೆಯ ಗಂಡನ ಗೋರಿಯ ಪಕ್ಕ ಗುಂಡಿ ತೋಡಿ ಮಣ್ಣು ಮಾಡಿ ಬಂದೆವು.

ಮಳೆಗಾಲ ಕಳೆದ ಮೇಲೆ ಇಲೈಸಾನೆ ಊರಿಗೆ ಬಂದಳು. ನಾಲ್ಕು ಜನ ಕುರ್ಚಿಸಮೇತ ಹಡಗಿನಿಂದ ಇಳಿಸಿದರು. ಚಾಪೆ ಹೆಣೆಯುವ ಮನೆಯಲ್ಲಿ ಸಿಸಿಲಿಯಾ ಅವಳಿಗೆ ತನ್ನ ಪಕ್ಕ ಜಾಗ ಮಾಡಿಕೊಟ್ಟು, ಇಬ್ಬರಿಗೂ ಸೇರಿ ಒಂದು ಜೊತೆ ಚಪ್ಪಲಿ ಸಾಕು ಎಂದು ನಗಿಸಿದಳು. ಆಕ್ಲೆಂಡಿನಿಂದ ಮತ್ತೆ ಡಬ್ಬಿ ಮಾಂಸ ಬಂತು, ಮೊದಲ ಪಾಲು ಅವಳಿಗೇ ಹೋಯಿತು. ಹಡಗು ಬಾರದ ವಾರ ಮಾತ್ರೆ ಇರಲಿಲ್ಲ. ಮೊನ್ನೆ ಅವಳ ಬಲಗಾಲು ತೊಳೆಯುವಾಗ ಹಿಮ್ಮಡಿಯಲ್ಲಿ ಒಂದು ಬೊಬ್ಬೆ ಕಂಡಿತು. ಇಷ್ಟೇ ಇಷ್ಟು.

"ನೋವಿಲ್ಲ ಬಿಡು," ಎಂದಳು.

ಮನೆಗೆ ಬಂದು ಒಲೆಯ ಮುಂದೆ ಕೂತೆ. ಗಂಡ ಊಟಕ್ಕೆ ಕೂತಿದ್ದ. ನನ್ನ ಮುಖ ನೋಡಿದ. ಮತ್ತೆ ತಟ್ಟೆಗೆ ಕಣ್ಣು ಇಳಿಸಿ, ಮೆತ್ತಗೆ ಕೇಳಿದ. "ಹಂದಿ ಕಾಲು ಹೇಗಿದೆ?"

"ನೀನೇ ಹೋಗಿ ನೋಡು," ಎಂದೆ.

ಅವನು ತಟ್ಟೆ ಸರಿಸಿದ. ಆಮೇಲೆ ಕೈ ತೊಳೆದು ಎದ್ದ. ಬೇಲಿಯವರೆಗೂ ಹೋದ, ಅಲ್ಲಿ ನಿಂತ. ನಾನು ಬಾಗಿಲಿಗೆ ಬಂದೆ. ಬೇಲಿಯಿಂದ ತಿರುಗಿ ಹಿತ್ತಲಿಗೆ ಹೋದ, ತೆಂಗಿನಕಾಯಿ ಒಡೆದು ಹಂದಿಗಳಿಗೆ ಹಾಕಿ, ಒಂದೊಂದರ ಕಾಲನ್ನೂ ಬಗ್ಗಿ ನೋಡಿ ಬಂದ.